ಲೊಪೊ ಗರ್ಸೆಶನ ಚರಾಸ್ತಿ

ಸತ್ತ ಮೂರನೆಯ ದಿನ ಬಾಗಿಲು ತೆಗೆಸಿದೆವು.
ನೋಟರಿ ಮೂಗಿಗೆ ಕರವಸ್ತ್ರ ಒತ್ತಿ ಹೇಳುತ್ತ ಹೋದ,
ನಾನು ಬರೆಯುತ್ತ ಹೋದೆ:
ಮರದ ಪೆಟ್ಟಿಗೆ ಒಂದು, ಕೀಲು ಮುರಿದದ್ದು.
ಎಣ್ಣೆದೀಪ ಎರಡು. ಎಣ್ಣೆ ಇಲ್ಲ.
ರೇಷ್ಮೆಯ ಕಾಲುಚೀಲ, ಒಂದೇ ಕಾಲಿನದು.
ಕುರುಬರ ಕೋಲು ಒಂದು, ಬೆಳ್ಳಿಯ ಹಿಡಿ,
ಮಣ್ಣು ಎಂದೂ ತಾಕಿದ ಗುರುತಿಲ್ಲ.
ನೋಟರಿ ನಕ್ಕ. ನಗುವನ್ನು ಬರೆಯಬೇಡ ಎಂದ.

ಇಡೀ ಗೊವೆಯಾ ಊರಿಗೆ ಗೊತ್ತಿತ್ತು
ಲೊಪೊ ಗರ್ಸೆಶ್ ಕುರಿಗಾಹಿಗಳ ಕಾವ್ಯ ಬರೆಯುತ್ತಾನೆಂದು,
ಕುರಿ ಹತ್ತಿರ ಬಂದರೆ ಸೀನುತ್ತಾನೆಂದು.
ಅವನ ಪದ್ಯದ ಕುರುಬರು
ಬೆಳಗಾಗೆದ್ದು ಮೊಂಡೆಗೊ ನದಿಗೆ ಮೊರೆಯಿಡುವರು,
ತೊಗಟೆಯ ಮೇಲೆ ಪ್ರಿಯೆಯ ಹೆಸರು ಕೆತ್ತುವರು,
ಮಧ್ಯಾಹ್ನ ತಿರುಗುವವರೆಗೂ ಅಳುವರು.
ಹಾಲು ಯಾರು ಕರೆಯುತ್ತಿದ್ದರೋ!
ಕೆಚ್ಚಲು ಬಿಗಿದು ಕುರಿಗಳೂ ಅತ್ತಿರಬೇಕು.

ಆಗ ನಮ್ಮ ದೊರೆ ಮ್ಯಾಡ್ರಿಡಿನಲ್ಲಿ ಕೂತಿದ್ದ.
ಬರೆಯುವವರು ಅನೇಕರು ಅವನ ನುಡಿಯ ಹೊಸಿಲಿಗೆ ಹೋಗಿ
ಟೋಪಿ ತೆಗೆದು ನಿಂತರು.
ಕಾಸು ಅಲ್ಲಿತ್ತು, ಓದುವ ಕಣ್ಣೂ ಅಲ್ಲಿತ್ತು.
ಇವನು ಹೋಗಲಿಲ್ಲ.
ಹಠವೋ, ಸೋಮಾರಿತನವೋ, ನಾನರಿಯೆ.
‘ರಾಜ್ಯ ಹೋದರೆ ಹೋಗಲಿ,
ಅವ್ವನ ಬೈಗುಳ ಉಳಿದಿದೆಯಲ್ಲ’
ಅಂತ ಹೆಂಡದಂಗಡಿಯಲ್ಲಿ ಒಮ್ಮೆ ಅಂದನಂತೆ.
ಮೂರು ಪುಸ್ತಕ. ಮೂರನೆಯದರ ಮಿಕ್ಕ ಹಾಳೆಗಳನ್ನು
ಕೊಯಿಂಬ್ರಾದ ಮುದ್ರಕ ತೂಕಕ್ಕೆ ಹಾಕಿದ;
ಜೀರಿಗೆ ಪೊಟ್ಟಣದಲ್ಲಿ ಒಂದು ವಿರಹ
ನಮ್ಮ ಮನೆಗೂ ಬಂದಿತ್ತು.

ಸಾಲ ಕೊಟ್ಟವರ ಸಾಲಿನಲ್ಲಿ ಕಡೆಗೆ ಬಂದವಳು
ಎಸ್ತ್ರೇಲಾ ಬೆಟ್ಟದ ಬ್ರಿಯೊಲಾಂಜಾ.
ಉಗುರ ಸಂದಿಯಲ್ಲಿ ಮುಳ್ಳುಹೂವಿನ ನೇರಳೆ ಕಲೆ;
ಆ ಹೂವಿನಿಂದಲೇ ಅವರು ಹಾಲು ಒಡೆಸುವುದು.
ಹಿಂದೆ, ಕತ್ತಿಗೆ ಮೊಳೆಪಟ್ಟಿ ಬಿಗಿದ ನಾಯಿ.
‘ಚೀಸು, ಹನ್ನೊಂದು ಬಿಲ್ಲೆ ಬಾಕಿ.
ಆಮೇಲೆ ಮಾತಿನ ಕಾಸು.’

ಯಾವ ಮಾತು?

‘ಸಂತೆದಿನ ಕೂರಿಸಿಕೊಂಡು ಕೇಳುತ್ತಿದ್ದ.
ಮಂಜು ಕವಿದರೆ ಹೇಗೆ ಕೂಗುತ್ತೀರಿ,
ಚಳಿಗೆ ಇದಾನ್ಯಾ ಬಯಲಿಗೆ ಇಳಿಯುವಾಗ
ಮೊದಲು ಅರಚುವುದು ಮರಿಯೋ ತಾಯೋ.
ಒಂದು ಮಾತಿಗೆ ಒಂದು ವಿಂತೆಂ ಅಂದಿದ್ದ.
ಕೊಡಲಿಲ್ಲ.’

ನೋಟರಿ ಪುಸ್ತಕಗಳನ್ನು ನನ್ನ ಮಡಿಲಿಗೆ ಹಾಕಿದ:
ಓದು. ಇವಳ ಮಾತು ಸಿಕ್ಕರೆ ಕೊಡೋಣ.
ಓದಿದೆ. ಲಿಜಾರ್ದೊ ಮೂರ್ಛೆ ಹೋದ.
ನದಿ ನಿಂತು ಕೇಳಿತು.
ಅವಳು ಆಕಳಿಸಿ, ‘ಇವನ ನಾಯಿ ಎಲ್ಲಿ?’ ಎಂದಳು.
ಹಾಳೆ ತಿರುವಿದೆ. ನಾಯಿ ಇರಲಿಲ್ಲ.
ತೋಳವಿಲ್ಲ, ಹಿಕ್ಕೆಯಿಲ್ಲ,
ಹಿಮದಂಥ ಉಣ್ಣೆ ಉಂಟು,
ಕಚ್ಚಿ ರಕ್ತ ಕುಡಿಯುವ ಉಣ್ಣೆ ಮಾತ್ರ ಇಲ್ಲ.

ಮೂರನೆಯ ಪುಸ್ತಕ, ಇನ್ನೇನು ಮುಗಿಯಬೇಕು.
ಕುರುಬ ಸತ್ತಿದ್ದಾನೆ, ಸಂಜೆಯಾಗಿದೆ,
ಯಾರೋ ಒಬ್ಬಳು ಅವನ ಮಂದೆಯನ್ನು ಕರೆಯುತ್ತಾಳೆ.
ಅಲಂಕಾರವಿಲ್ಲ, ಪ್ರಾಸವಿಲ್ಲ:

ಬಾ ಬೂದಿ, ಬಾ ಕುಂಟಿ, ಬಾ ವಿಧವೆ,
ಊ-ರ್ರ್-ಊ.

ಗುಮಾಸ್ತನ ಒಣದನಿಯಲ್ಲೇ ಓದಿದ್ದೆ.
ಬಾಗಿಲ ಬಳಿ ನಾಯಿ ಎದ್ದು ನಿಂತಿತು.

ಅವಳು ಸ್ವಲ್ಪ ಹೊತ್ತು ಹೊರಗೆ ನೋಡಿದಳು.
‘ವಿಧವೆಯನ್ನು ತೋಳ ತಿಂದು ಆರು ವರ್ಷ’ ಎಂದಳು,
‘ಇಲ್ಲಿ ಇನ್ನೂ ಬರುತ್ತಿದ್ದಾಳೋ?’

ಎಷ್ಟು ಮಾತು, ಎಂದ ನೋಟರಿ.
ಎಣಿಸಿದೆ: ಆರು. ‘ಬಾ’ ಮೂರು ಸಲವೋ ಒಂದೇ ಸಲವೋ,
ಊ-ರ್ರ್-ಊ ಮಾತೋ ಅಲ್ಲವೋ
ಎಂದು ವಾದವೆದ್ದಿತು.
ಕಾಸಂತೂ ಮನೆಯಲ್ಲಿ ಇರಲಿಲ್ಲ.
ಕೋಲು ಕೊಟ್ಟೆವು.

ಪಟ್ಟಿಯಲ್ಲಿ ಆ ಸಾಲು ಹೊಡೆದುಹಾಕುತ್ತ
ಕಿಟಕಿಯಿಂದ ನೋಡಿದೆ:
ಏರುದಾರಿಯ ಕೆಸರಿನಲ್ಲಿ ಬ್ರಿಯೊಲಾಂಜಾ,
ಬೆಳ್ಳಿಯ ಹಿಡಿ ಕೆಳಗೆ ಮಾಡಿ
ಊರಿಕೊಂಡು ಹೋಗುತ್ತಿದ್ದಳು.
ನಾಯಿ ಮಾತ್ರ ಎರಡು ಸಲ
ತಿರುಗಿ ನೋಡಿತು ಈ ಮನೆಯ ಕಡೆ.